ಕಸ್ತೂರಿಬಾಯಿಯ ನವಿರು ಸ್ವೆಟರು

ಕಸ್ತೂರಿಬಾಯಿಯ ಹಣೆಯ ಕುಂಕುಮಕ್ಕೆ ಸದಾ ಉಣ್ಣೆಯ ಒಂದು ಎಳೆ ಅಂಟಿಕೊಂಡಿರುತ್ತಿತ್ತು. ಅದರ ಬಣ್ಣ ನೋಡಿದರೆ ಸಾಕು, ಆ ವಾರ ಆಕೆಯ ಕೋಣೆಯಲ್ಲಿ ಯಾವ ಬಣ್ಣದ ಸ್ವೆಟರು ತಯಾರಾಗುತ್ತಿದೆ ಎಂದು ಇಡೀ ಓಣಿಗೆ ಗೊತ್ತಾಗುತ್ತಿತ್ತು. ಹುಬ್ಬಿನಲ್ಲೂ ಕಿವಿಯೋಲೆಯಲ್ಲೂ ಅದೇ ಬಣ್ಣ. ಆಕೆ ಬಂದು ಕುಳಿತು ಹೋದ ಮೇಲೆ ನಾನು ಕುರ್ಚಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸೀರೆ ಕೊಡವಿ, ಆಮೇಲೆ ಬೇರೆ ಕೆಲಸ ಮುಟ್ಟುತ್ತಿದ್ದೆ.

ತೊಂಬತ್ತರ ದಶಕದ ಮಾತು. ಬಸವಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ನಾನು ಹೆರಿಗೆ ವಾರ್ಡಿನ ಸಿಸ್ಟರ್ ಆಗಿದ್ದೆ. ಕಸ್ತೂರಿಬಾಯಿ ನಮ್ಮ ಎದುರು ಮನೆಯಾಕೆ. ಹೈದರಾಬಾದಿನ ಸಿದ್ಧ ಉಡುಪಿನ ಕಂಪನಿಯೊಂದು ಆಕೆಗೆ ಎರಡು ಹೆಣಿಗೆ ಯಂತ್ರಗಳನ್ನು ಕೊಟ್ಟು, ಬೆಕ್ಕಿನ ಮರಿಯಂತೆ ಮೈತುಂಬ ನವಿರೇಳುವ ಸ್ವೆಟರಿನ ಮಾದರಿ ಮಾಡಿಕೊಡಲು ಹೇಳಿತ್ತು. ಮಾದರಿ ಒಪ್ಪಿಗೆಯಾದರೆ ಚಳಿಗಾಲದ ಮಾಲೆಲ್ಲ ಇಲ್ಲೇ ತಯಾರಾಗಬೇಕು. ಆಗದಿದ್ದರೆ ಯಂತ್ರಗಳು ವಾಪಸ್. ಬೇಳೆ ಗಿರಣಿಯ ದೂಳಿನಲ್ಲಿ ಕೆಮ್ಮುತ್ತಿದ್ದ ನಾಲ್ವರು ಹೆಣ್ಣುಮಕ್ಕಳನ್ನು ಆಕೆ ಅಲ್ಲಿಂದ ಬಿಡಿಸಿ ಈ ಕೆಲಸಕ್ಕೆ ಹಚ್ಚಿದ್ದಳು. “ಅವರನ್ನ ತಿರುಗಿ ಗಿರಣಿಗಿ ಕಳಸಂಗಿಲ್ರಿ ಸಿಸ್ಟರಬಾಯಿ” ಎಂಬುದು ಆಕೆಯ ಒಂದೇ ಹಟ.

ಮಾಲು ಮೆತ್ತಗಿದೆಯೋ ಇಲ್ಲವೋ ಎಂದು ತಿಳಿಯಲು ಆಕೆಗೆ ತನ್ನ ಕೈಯ ಮೇಲೆ ನಂಬಿಕೆ ಇರಲಿಲ್ಲ. ರೊಟ್ಟಿ ಬಡಿದು ಒರಟಾದ ಕೈಗೆ ಎಲ್ಲವೂ ಮೆತ್ತಗೇ ಅನ್ನಿಸುತ್ತದೆ ಎನ್ನುತ್ತಿದ್ದಳು. ಹೊಸ ತುಂಡು ಹೆಣೆದ ಕೂಡಲೇ ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ವಾರ್ಡಿಗೆ ಬಂದು, ಕಂಡ ಕೂಸಿನ ಗಲ್ಲಕ್ಕೆ ಸವರುವಳು. ಕೂಸು ಮೋರೆ ಸಿಂಡರಿಸಿದರೆ ಫೇಲು, ಸುಮ್ಮನಿದ್ದರೆ ಪಾಸು. ಭೇಟಿಗೆ ಒಂದು ಸಮಯವಿದೆ, ಹೊರಗಿನ ಬಟ್ಟೆ ಎಳೆ ಕೂಸಿಗೆ ತಾಗಬಾರದು ಎಂದು ಗದರಿದೆ. ಮರುದಿನ ಭೇಟಿಯ ಸಮಯಕ್ಕೇ ಬಂದು ಕೂಸಿನ ಬದಲು ನನ್ನ ಗಲ್ಲ ಸವರಿದಳು. ನಾನು ಮೋರೆ ಸಿಂಡರಿಸಿದೆ. ಪಾಪ, ಆ ತುಂಡು ಫೇಲಾಯಿತು.

ಹೆಣೆದರಷ್ಟೇ ನವಿರು ಏಳುವುದಿಲ್ಲ, ಅದನ್ನು ಬ್ರಷ್ಷಿನಿಂದ ಕೆದರಬೇಕು. ಅದಕ್ಕೆ ಆಕೆ ಹುಡುಕಿದ್ದು ಹುಮನಾಬಾದಿನಲ್ಲಿ ಹತ್ತಿ ಹಿಂಜಿ ಗಾದಿ ತುಂಬುವ ಮಸ್ತಾನಸಾಬರನ್ನು. ಮೊದಲ ಸ್ವೆಟರನ್ನು ಅವರು ಹತ್ತಿಯೆಂದೇ ತಿಳಿದು ಹಿಂಜುವ ಬಿಲ್ಲಿನ ದಾರಕ್ಕೆ ಕೊಟ್ಟರು. ಒಂದು ತೋಳು ಮಾತ್ರ ಉಳಿಯಿತು. ಎರಡನೆಯದನ್ನು ತಂತಿಯ ಬ್ರಷ್ಷಿನಿಂದ, ಮಗುವಿನ ತಲೆ ಬಾಚುವಂತೆ ಬಾಚಿದರು. ಬೆಳ್ಳಗೆ, ಮೋಡದ ಹಾಗೆ ಎದ್ದು ನಿಂತಿತು.

ಆ ಸ್ವೆಟರನ್ನು ನೋಡಲು ಕಂಪನಿಯ ಸಾಹೇಬರು ಮೇ ತಿಂಗಳಲ್ಲಿ ಕಪ್ಪು ಸಫಾರಿ ತೊಟ್ಟು ಬಂದರು. ನಮ್ಮ ಕಡೆ ದೊಡ್ಡವರು ಬಂದರೆ ಶಾಲು ಹೊದಿಸಿ ಸನ್ಮಾನ ಮಾಡದೆ ಕಳಿಸುವುದಿಲ್ಲ. ಬೇರೆ ಶಾಲು ಯಾಕೆಂದು ಕಸ್ತೂರಿಬಾಯಿ ಸ್ವೆಟರನ್ನೇ ಅವರ ಹೆಗಲಿಗೆ ಹೊದಿಸಿ, ಮೇಲೊಂದು ಹೂವಿನ ಹಾರ ಹಾಕಿದಳು. ಸನ್ಮಾನ ಎಂದ ಮೇಲೆ ಭಾಷಣ ಬೇಕಲ್ಲ. ಆಕೆ ಮಾತಾಡಿದಳು, ಮಸ್ತಾನಸಾಬರೂ ಮಾತಾಡಿದರು. ಕರೆಂಟು ಇರಲಿಲ್ಲ. ಕೊನೆಗೆ ಸ್ವೆಟರು ತೆಗೆದಾಗ ಸಾಹೇಬರ ಸಫಾರಿ ಬೆಳ್ಳಗಾಗಿತ್ತು. ಬೆವೆತ ಕುತ್ತಿಗೆಯ ಸುತ್ತ ಮುಸುವನಿಗೆ ಇರುವಂಥ ಗಡ್ಡ ಬೆಳೆದಿತ್ತು.

“ಬಾಯಿ, ಇದು ಸ್ವೆಟರೋ, ಬೆಕ್ಕೋ?” ಎಂದರು ಸಾಹೇಬರು.

“ಬೆಕ್ಕಿಗಿಂತ ಮೆತ್ತಗ ಅದ್ರಿ ಸಾಹೇಬ್ರ.”

ಅವರು ನಗಲಿಲ್ಲ. ಇನ್ನೊಮ್ಮೆ ಬರುತ್ತೇನೆ, ಆಗಲೂ ನವಿರು ಉದುರಿದರೆ ಯಂತ್ರ ಒಯ್ಯುತ್ತೇನೆ ಎಂದು ಹೇಳಿ ಹೋದರು.

ಕಸ್ತೂರಿಬಾಯಿ ವಿಚಾರ ಮಾಡಿದಳು. ಚಳಿಯಲ್ಲಿ ನವಿರು ಕಡಿಮೆ ಉದುರುತ್ತಿತ್ತು, ಆದ್ದರಿಂದ ತಪ್ಪು ಸ್ವೆಟರಿನದಲ್ಲ, ಬಿಸಿಲಿನದು. ಸಾಹೇಬರು ಮತ್ತೆ ಬರುವ ಹಿಂದಿನ ದಿನ ಹೊಸ ಸ್ವೆಟರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಹುಮನಾಬಾದಿನ ಬರ್ಫಿನ, ಅಂದರೆ ಮಂಜುಗಡ್ಡೆಯ, ಕಾರ್ಖಾನೆಗೆ ಒಯ್ದಳು. ಬೆಳಿಗ್ಗೆ ಸುತ್ತಲೂ ಬರ್ಫ ತುಂಬಿಸಿ ಬಸ್ಸು ಹತ್ತಿದಳು. ಡಬ್ಬಿ ಸೋರುವುದನ್ನು ಕಂಡು ಕಂಡಕ್ಟರು ಒಳಗೇನಿದೆ ಎಂದು ಕೇಳಿದನಂತೆ. ಸ್ವೆಟರು ಎಂದಳಂತೆ. “ಈ ಬಿಸಿಲಾಗ ಯಾರಿಗಿ ಥಂಡಿ ಹತ್ಯದವ್ವಾ?” ಎಂದು ಅವನು ಬಸ್ಸಿನವರನ್ನೆಲ್ಲ ನಗಿಸಿದನಂತೆ.

ಮಳೆ ಇನ್ನೂ ಬಂದಿರಲಿಲ್ಲ. ಸಾಹೇಬರು ಆ ತಣ್ಣನೆಯ ಸ್ವೆಟರು ತೊಟ್ಟರು. ಅವರ ಮುಖದ ಮೇಲೆ ಅಂಥ ಸುಖವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಕೊಡವಿದರು, ಎಳೆದರು, ಒಂದು ಎಳೆಯೂ ಬೀಳಲಿಲ್ಲ. ಪಾಸ್ ಎಂದರು. ಸ್ವೆಟರು ಮಾತ್ರ ಬಿಚ್ಚಲಿಲ್ಲ, ಹಾಗೆಯೇ ಊಟಕ್ಕೆ ಕುಳಿತರು.

ಎರಡನೆಯ ಹೋಳಿಗೆಗೆ ಬರುವಷ್ಟರಲ್ಲಿ ಸ್ವೆಟರು ಬೆಚ್ಚಗಾಗಿತ್ತು. ಅವರ ತಟ್ಟೆಯ ತುಪ್ಪದಲ್ಲಿ ಬಿಳಿ ಎಳೆಗಳು ತೇಲತೊಡಗಿದವು. ಸಾಹೇಬರ ಗಮನವೆಲ್ಲ ಹೋಳಿಗೆಯ ಮೇಲಿತ್ತು. ನಾನು ಕಂಡೆ, ಆ ನಾಲ್ವರು ಕಂಡರು, ಮಸ್ತಾನಸಾಬರು ತೊಲೆ ನೋಡುತ್ತ ಕುಳಿತರು. ನಾನು ಕಸ್ತೂರಿಬಾಯಿಗೆ ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದೆ.

ಆಕೆ ತುಪ್ಪದ ಗಿಂಡಿ ಕೆಳಗಿಟ್ಟಳು. “ಸಾಹೇಬ್ರ, ತಾಟಿನಾಗ ನೋಡ್ರಿ. ನಾಳೆ ಇದನ್ನ ಯಾರೋ ಒಬ್ಬಾಕಿ ತಾಯಿ ಹಾಕ್ಕೋತಾಳ. ಬಗಲಾಗ ಕೂಸು ಇರ್ತದ. ಅದರ ಬಾಯಾಗ ಹೋಗ್ತದ್ರಿ ಇದು. ಫೇಲ್ ಅಂತ ಬರಕೋರಿ.”

ಸಾಹೇಬರು ತಟ್ಟೆ ನೋಡಿದರು, ಆಕೆಯನ್ನು ನೋಡಿದರು. ಹೋಳಿಗೆ ಮುಗಿಸಿ, ಕೈ ತೊಳೆದು, ಬೇಸರದಿಂದಲೇ ಸ್ವೆಟರು ಬಿಚ್ಚಿಟ್ಟು ಹೋದರು. ಕೆಲವು ದಿನಗಳಲ್ಲಿ ಟೆಂಪೊ ಬಂದು ಯಂತ್ರಗಳನ್ನು ಒಯ್ದಿತು. ಫೇಲಾದ ಬಟ್ಟೆಯನ್ನು ಅಲ್ಲೇ ಬಿಟ್ಟುಹೋದರು.

ಮರುದಿನ ಆ ನಾಲ್ವರೂ ಎಂದಿನ ಸಮಯಕ್ಕೆ ಬಂದು ಬರಿದಾದ ಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತರು. ಕಸ್ತೂರಿಬಾಯಿ ಚಹಾ ಮಾಡಿಕೊಟ್ಟಳು. ಮಾತು ತೆಗೆದವರು ಹುಮನಾಬಾದಿನಿಂದ ಬಂದಿದ್ದ ಮಸ್ತಾನಸಾಬರು.

“ಉದುರ್ತದಂದ್ರ ಒಳಗ ಹಾಕ್ರಿ ಬಾಯಿ. ನಮ್ಮ ಗಾದಿ ಹತ್ತಿ ಏನ್ ಹೊರಗ ಇರ್ತದೇನು?”

“ಒಳಗ ಹಾಕಿದ್ರ ಮೆತ್ತಗ ಅದ ಅಂತ ಯಾರಿಗಿ ಗೊತ್ತಾಗ್ತದೋ ಭಾಯಿ?” ಎಂದು ಆಕೆ ಬಹಳ ದಿನ ಜಗಳವಾಡಿದಳು. ಕೊನೆಗೆ ಹಳೆಯ ಮೆತ್ತನೆ ಧೋತರದ ಎರಡು ಪದರದ ನಡುವೆ ಆ ನವಿರು ಬಟ್ಟೆಯಿಟ್ಟು ಕೂಸಿನ ಕೌದಿ ಹೊಲಿದರು. ಬಟ್ಟೆ ಮುಗಿದ ಮೇಲೆ ಉಣ್ಣೆ ತರಿಸಿ ಕಡ್ಡಿಯಿಂದಲೇ ಹೆಣೆದರು. ಬಳಿಕ ಆಕೆ ಹುಮನಾಬಾದಿಗೇ ಹೋಗಿ ಮಸ್ತಾನಸಾಬರ ಅಂಗಡಿಯ ಮಗ್ಗುಲಲ್ಲಿ ಕೋಣೆ ಹಿಡಿದಳು. ಹುಡಗಿ, ಮನ್ನಾಏಖೇಳ್ಳಿಯಂಥ ಸುತ್ತಲಿನ ಊರುಗಳ ಬಾಣಂತಿಯರ ಮನೆಯವರು ಅಲ್ಲಿಗೆ ಬಂದು ಕೌದಿ ಒಯ್ಯುತ್ತಿದ್ದರು. ಆ ನಾಲ್ವರಲ್ಲಿ ಯಾರೂ ಗಿರಣಿಗೆ ಮರಳಲಿಲ್ಲ.

ನಾನು ನಿವೃತ್ತಳಾದ ವರ್ಷದ ಚಳಿಗಾಲದಲ್ಲಿ ಕಸ್ತೂರಿಬಾಯಿ ತೀರಿಕೊಂಡಳು. ನನಗೆ ಸುದ್ದಿ ತಡವಾಗಿ ಬಂತು. ತಂಗಿಯ ಮೊಮ್ಮಗಳಿಗೆ ಕೌದಿ ಬೇಕೆಂಬ ನೆವದಲ್ಲಿ ಹುಮನಾಬಾದಿಗೆ ಹೋದೆ. ನಾಲ್ವರಲ್ಲಿ ಕಿರಿಯಳಾದ ಶರಣಮ್ಮ ಕೌದಿ ತೆಗೆದು ತೊಡೆಯ ಮೇಲೆ ಹಾಸಿಕೊಂಡಳು. ಒಂದು ಮೂಲೆ ಹೊಲಿದಿರಲಿಲ್ಲ. ಮರೆತಿದ್ದೀಯಾ ಎಂದು ಕೇಳಿದೆ.

“ಮರೆತಿಲ್ರಿ ಸಿಸ್ಟರಬಾಯಿ. ಗಿರಾಕಿ ಒಮ್ಮಿ ಒಳಗ ಬೆರಳ ಹಾಕಿ ಮುಟ್ಟಿ ನೋಡ್ಬೇಕು, ಆಮ್ಯಾಲ ಹೊಲಿಬೇಕು ಅಂತ ಅಕ್ಕ ಹೇಳಿ ಹೋಗ್ಯಾಳ.”

ನಾನು ಆ ಮೂಲೆಯಲ್ಲಿ ಬೆರಳು ಹಾಕಿದೆ. ಶರಣಮ್ಮ ಸೂಜಿಗೆ ದಾರ ಪೋಣಿಸಿಕೊಂಡು, ನಾನು ಕೈ ತೆಗೆಯುವವರೆಗೆ ಕಾದಳು.