ನೂರಕ್ಕೆ ಆರು ಕುರ್ಚಿ

ನಂದುಡುವಿನ ಬಾಡಿಗೆ ಕುರ್ಚಿ ಇಲ್ಲದೆ ಎಂಬಾಲೆ ಪಟ್ಟಣದಲ್ಲಿ ಯಾರೂ ಮದುವೆಯಾಗಿಲ್ಲ, ಮಣ್ಣಾಗಿಲ್ಲ. ಶಾಮಿಯಾನ, ಕುರ್ಚಿ, ಒಂದು ಹಳೆಯ ಲಾರಿ, ಅದಕ್ಕಿಂತ ಗಟ್ಟಿಯಾದ ಗಂಟಲು: ಇಷ್ಟೇ ಆಕೆಯ ಬಂಡವಾಳ.

ಆಕೆಯ ಬಿಲ್ಲಿಗೆ ಕತ್ತರಿ ಹಾಕುತ್ತಿದ್ದವನು ನಾನು, ಆಕೆಯ ಕುರ್ಚಿ ತರಿಸುತ್ತಿದ್ದ ಹೋಟೆಲಿನ ಲೆಕ್ಕದ ಗುಮಾಸ್ತ. ಕತ್ತರಿ ಹೋಟೆಲಿನದು, ಬೆನ್ನುಮೂಳೆಯನ್ನೂ ಕೆಲಸಕ್ಕೆ ಸೇರಿದ ದಿನವೇ ಅಲ್ಲಿ ಜಮಾ ಮಾಡಿದ್ದೆ. ದೊಡ್ಡ ಬಿಲ್ಲಾದರೆ ನೂರಕ್ಕೆ ಆರು ಶಿಲ್ಲಿಂಗ್ ತೆರಿಗೆ ಮುರಿದುಕೊಂಡು ಆಕೆಯ ಹೆಸರಲ್ಲಿ ಸರ್ಕಾರಕ್ಕೆ ಕಟ್ಟಬೇಕು. ವರ್ಷದ ಕೊನೆಗೆ ಆಕೆಯ ತೆರಿಗೆಯಲ್ಲಿ ಅಷ್ಟು ವಜಾ. ಮುರಿದುಕೊಳ್ಳುವುದು ನಮಗೆ ಚೆನ್ನಾಗಿ ಬರುತ್ತಿತ್ತು. ಕಟ್ಟಬೇಕಾದದ್ದು ಡೈರೆಕ್ಟರ್ ಗಿಡುಡು ಅವರ ಅಪ್ಪಣೆಯಂತೆ ಜನರೇಟರಿನ ಡೀಸೆಲ್ ಆಗುತ್ತಿತ್ತು.

ಜಿಲ್ಲಾ ಕಚೇರಿಯ ಟೆಂಡರಿಗಾಗಿ ಬಾಕಿಯಿಲ್ಲವೆಂಬ ಪತ್ರ ಕೇಳಲು ಹೋದ ನಂದುಡುವಿಗೆ ತೆರಿಗೆಯವರು, ನಿಮ್ಮ ಹೆಸರಲ್ಲಿ ಏನೂ ಬಂದಿಲ್ಲ, ಮತ್ತೆ ಕಟ್ಟಿ ಎಂದರಂತೆ. ಟೆಂಡರ್ ಸೋಮವಾರ ಮುಗಿಯುತ್ತಿತ್ತು. ಆಕೆ ನೇರ ನನ್ನ ಮೇಜಿಗೆ ಬಂದಳು.

"ಏನೋ ಮುದೋಮಾ, ನನ್ನ ದುಡ್ಡು ಎಲ್ಲೋ?"

"ಪರಿಶೀಲನೆಯಲ್ಲಿದೆ ಅಮ್ಮಾ."

"ಅದ್ಯಾವೂರೋ? ಬಸ್ಸು ಹೋಗುತ್ತಾ ಅಲ್ಲಿಗೆ?"

ಶನಿವಾರ ಡೈರೆಕ್ಟರ ಮಗಳನ್ನು ಕೇಳಲು ಗಂಡಿನವರು ಬರುವವರಿದ್ದರು. ಹೆಣ್ಣಿನ ಮನೆಯ ಹಿರಿಯರು ಮುಂದಿನ ಸಾಲಿನಲ್ಲಿ ಕೂತ ಮೇಲೆಯೇ ಅವರಿಗೆ ಗೇಟು ತೆರೆಯುವುದು. ನನ್ನನ್ನು ಅವರ ಮನೆಗೆ ಸೋಡಾ ಬಾಟಲಿ ಎಣಿಸಲು ಕರೆಸಿದ್ದರು. ಶಾಮಿಯಾನ ಎದ್ದಿತ್ತು, ಕುರ್ಚಿಗಳು ಬಂದಿದ್ದವು. ಮುಂದಿನ ಸಾಲಿನಲ್ಲಿ ಮಾತ್ರ ಬರೀ ಹುಲ್ಲು. ಆ ಸಾಲು ಲಾರಿಯಲ್ಲಿತ್ತು, ನಂದುಡು ಅದರ ಮೇಲಿದ್ದಳು.

"ಮುಂದಿನ ಸಾಲು ಎಲ್ಲಮ್ಮಾ?" ಡೈರೆಕ್ಟರ್ ಕೂಗಿದರು.

"ಮುರ್ಕೊಂಡಿದೀನಿ ಯಜಮಾನ್ರೇ, ನೂರಕ್ಕೆ ಆರು. ನಿಮ್ಮ ಹೆಸರಲ್ಲೇ ಜೋಪಾನವಾಗಿದೆ."

"ಇದು ಹುಡುಗಾಟ ಅಲ್ಲ!"

"ನನ್ನ ಟೆಂಡರೂ ಅಲ್ಲ. ನನ್ನ ತೆರಿಗೆ ಕಟ್ಟಿ. ಚೀಟಿ ಫೋನಿಗೆ ಬರಲಿ, ಕುರ್ಚಿ ಇಳಿಯುತ್ತೆ."

ಹಿಂದಿನ ಸಾಲಿನವರನ್ನು ಎಬ್ಬಿಸೋಣ ಎಂದು ನಾನು ಬುದ್ಧಿ ಹೇಳಿದೆ. ಅಲ್ಲಿ ಕೂತಿದ್ದವರು ಡೈರೆಕ್ಟರ ಹೆಂಡತಿಯ ತವರಿನವರು. ನನ್ನ ಬುದ್ಧಿ ಅಲ್ಲಿಗೇ ನಿಂತಿತು.

ಗೇಟಿನಾಚೆ ಹಾರ್ನು, ಹಾಡು, ನಗು. ಡೈರೆಕ್ಟರ ಅಕ್ಕ ಕೋಲೂರಿಕೊಂಡು ಬಂದಳು. "ತಮ್ಮಾ, ನಿಂತ್ಕೊಂಡು ಹುಡುಗಿ ಕೊಡೋ ಮನೆತನ ಅಲ್ಲ ನಮ್ಮದು. ಆ ಹೆಂಗಸಿಗೆ ಕೊಡೋದು ಕೊಡು."

ಡೈರೆಕ್ಟರ್ ನನ್ನ ಕಡೆ ತಿರುಗಿದರು. "ಕಟ್ಟೋ. ಇವಳದೊಂದೇ."

ಸೋಡಾ ಪೆಟ್ಟಿಗೆಯ ಮೇಲೆ ಕೂತು ಫೋನಿನಲ್ಲಿ ತುಂಬತೊಡಗಿದೆ. ನಾವು ಮುರಿದುಕೊಂಡು ಕಟ್ಟದವರ ಪಟ್ಟಿಯಲ್ಲಿ ನಂದುಡುವಿನ ಕೆಳಗೆ ತರಕಾರಿಯವನ ಹೆಸರು, ಪ್ಲಂಬರನದು, ಮೀನಿನವಳದು. ಎಲ್ಲರದ್ದೂ ಹಾಕಿದೆ.

ಮೊತ್ತ ನೋಡಿ ಡೈರೆಕ್ಟರ ಹುಬ್ಬು ಮೇಲೇರಿತು. "ಇಷ್ಟೊಂದಾ?"

"ನಾವು ಮುರಿದದ್ದೇ ಅಷ್ಟು, ಸಾರ್."

ಹಾರ್ನು ಮತ್ತೆ ಕೂಗಿತು. ಅಕ್ಕ ಕೋಲು ಕುಟ್ಟಿದಳು. ಡೈರೆಕ್ಟರ್ ಫೋನಿನಲ್ಲೇ ಹಣ ಕಟ್ಟಿದರು.

ನಂದುಡು ಫೋನಿಗೆ ಬಂದ ಚೀಟಿಯನ್ನು ತೋಳುದ್ದ ದೂರ ಹಿಡಿದು ಓದಿ, "ಇಳಿಸ್ರಪ್ಪಾ" ಎಂದಳು.

"ನಿನ್ನ ಕುರ್ಚಿ ಇನ್ನು ನಮ್ಮ ಹೋಟೆಲಿಗೆ ಬೇಡ," ಎಂದರು ಡೈರೆಕ್ಟರ್.

"ಬೇಡ ಬಿಡಿ. ಜಿಲ್ಲಾ ಕಚೇರಿಯವರೂ ಕೂತ್ಕೋತಾರೆ."

ಆಮೇಲೆ ಡೈರೆಕ್ಟರ್ ನನಗೆ: "ನೀನು ಸೋಮವಾರ ನನ್ನ ಕೋಣೆಗೆ ಬಾ."

"ಬರ್ತೀನಿ ಸಾರ್," ಎಂದೆ. ಲಾರಿಯ ಮೇಲಿಂದ ನಂದುಡು ನೋಡುತ್ತಿದ್ದಳು. ನಾನು ಸೇರಿಸಿದೆ: "ನನ್ನ ಸಂಬಳದಲ್ಲಿ ಮುರಿದ ತೆರಿಗೆಯ ಚೀಟಿಯೂ ಬೇಕಿತ್ತು."