ನೀರು ಕುಡಿಯುವ ಅಂಗಳ

ದೆವ್ವ ಕಂಡೆ, ಮೈಮೇಲೆ ಬಂತು ಎಂದು ಕತೆ ಹೇಳುವವರನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ತಡೆಯಲಾರದ ನಗು. ನಾನು ಧಾರೇಶ್ವರದ ಶಾಲಾ ಮಾಸ್ತರರೊಬ್ಬರ ಮಗಳು. ಯಾರಾದರೂ ಅಂಥ ಮಾತು ತೆಗೆದರೆ ಅಪ್ಪ, "ನೀನು ಕಂಡೆಯೋ, ಕಂಡವರನ್ನು ಕಂಡೆಯೋ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದರು. ನಾನೂ ಅದನ್ನೇ ಕಲಿತೆ. ಈಗ ನನ್ನ ಕತೆ ಹೇಳಲು ಹೊರಟಾಗ ನೀವು ಅದೇ ಪ್ರಶ್ನೆ ಕೇಳಿದರೆ ನನ್ನ ಹತ್ತಿರ ಇರುವುದು ಒಂದೇ ಉತ್ತರ. ನಾನೇ ಕಂಡೆ, ಆದರೆ ಕಂಡದ್ದು ಏನೆಂದು ಇನ್ನೂ ತಿಳಿದಿಲ್ಲ. ನಗುವುದಿದ್ದರೆ ಧಾರಾಳವಾಗಿ ನಗಿ.

ನನ್ನನ್ನು ಮದುವೆ ಮಾಡಿ ಕೊಟ್ಟದ್ದು ಹಳದೀಪುರದಿಂದ ಒಳಗೆ, ಗುಡ್ಡದ ಬುಡದಲ್ಲಿದ್ದ ಒಂದು ಕೇರಿಗೆ. ಮನೆಯಲ್ಲಿ ಅತ್ತೆ, ನಮ್ಮವರು, ನಾನು. ಚೀನಾ ಯುದ್ಧ ಮುಗಿದ ಮರುವರ್ಷ ಮಗಳು ಹುಟ್ಟಿದಳು. ಅತ್ತೆ ಎಷ್ಟು ಸಾಧು ಎಂದರೆ, ಬೆಕ್ಕು ಹಾಲಿನ ಪಾತ್ರೆಗೆ ಬಾಯಿ ಹಾಕಿದರೂ "ಸಾಕು, ಏಳು ಮಗಾ" ಎನ್ನುವವರು. ನನ್ನ ನಾಲಿಗೆ ಸ್ವಲ್ಪ ಹರಿತ, ಒಪ್ಪುತ್ತೇನೆ. ಆದರೆ ಅವರ ಮುಂದೆ ಅದನ್ನು ಹೊರತೆಗೆಯುವ ಸಂದರ್ಭವೇ ಬಂದಿರಲಿಲ್ಲ. ಅವರನ್ನು ನಾನು ತಾಯಿಗಿಂತ ಹೆಚ್ಚು ಹಚ್ಚಿಕೊಂಡಿದ್ದೆ.

ಮಳೆಗಾಲದಲ್ಲಿ ನಮ್ಮ ಕಡೆ ಯಾರ ಅಂಗಳ ನೋಡಿದರೂ ಕೆಸರು, ಪಾಚಿ. ನಮ್ಮ ಅಂಗಳದಲ್ಲಿ ಮಾತ್ರ ಒಂದು ಬೊಗಸೆ ನೀರು ನಿಲ್ಲುತ್ತಿರಲಿಲ್ಲ. ಅಡುಗೆಮನೆಯ ಹಿಂದೆ ಕೆಂಪು ಚಿರೆಕಲ್ಲಿನ ನೆಲದಲ್ಲಿ ಒಂದು ಬಿಲವಿತ್ತು. ನಾನು ಬಂದ ಹೊಸದರಲ್ಲಿ ಇಲಿಬಿಲದಷ್ಟಿದ್ದದ್ದು ಬರಬರುತ್ತಾ ಕೊಡದ ಬಾಯಿಯಷ್ಟಾಯಿತು. ಎಷ್ಟು ನೀರು ಬಂದರೂ ಅದು ಗುಟುಗುಟು ಕುಡಿಯುತ್ತಿತ್ತು. "ದೇವ್ರು ಕೊಟ್ಟ ಗಟಾರ" ಎಂದು ನಮ್ಮವರಿಗೆ ಭಾರೀ ಹೆಮ್ಮೆ. ಗುಡ್ಡದಿಂದ ಇಳಿಯುವ ನೀರಿಗೂ ಕಾಲುವೆ ಕಡಿದು ಅತ್ತಲೇ ತಿರುಗಿಸಿದರು. ಪಕ್ಕದ ಮನೆಯ ಮಾದೇವಿಯಕ್ಕ ತಮ್ಮ ಅಂಗಳದ ನೀರನ್ನೂ ಬಿಡಬಹುದೇ ಎಂದು ಕೇಳಿದಾಗ, "ಬಿಡಿ, ಅದಕ್ಕೆಂತ" ಎಂದುಬಿಟ್ಟರು. ಮಳೆಯಲ್ಲಿ ಹುಟ್ಟಿ ಬೆಳೆದ ಜನಕ್ಕೆ ಅಂಗಳದ ನೀರು ಹೋದರೆ ಸಾಕು. ಎಲ್ಲಿಗೆ ಹೋಯಿತು ಎಂದು ಯಾರು ಕೇಳುತ್ತಾರೆ?

ಅದು ಎಲ್ಲಿಗೆ ಹೋಗುತ್ತಿದೆ ಎಂಬುದು ನಮ್ಮ ಕಣ್ಣೆದುರೇ ಇತ್ತು. ಕೆಳಗಿನ ಗದ್ದೆಯ ಅಂಚಿನಲ್ಲಿ ಒಂದು ಒರತೆಯಿತ್ತು. ಅದರ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ ಬರತೊಡಗಿತು. ನೀರು ನಿಂತಲ್ಲಿ ಅಡಿಯಲ್ಲಿ ಬಿಳಿಯ ಶೇಡಿ ಮಣ್ಣು ಕೂರುತ್ತಿತ್ತು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಚಿತ್ತಾರ ಬರೆಯಲು ನಮ್ಮ ಹೆಂಗಸರಿಗೆ ಶೇಡಿ ಬೇಕೇ ಬೇಕು. ಹಿಂದೆ ಅದಕ್ಕಾಗಿ ದೂರ ನಡೆದು ಹೋಗಬೇಕಿತ್ತು, ಈಗ ಗದ್ದೆಯಂಚಿಗೇ ಬಂದಿದೆ ಎಂದು ಕೇರಿಗೆ ಕೇರಿಯೇ ಕುಣಿದಾಡಿತು. ನಾನೂ ಅತ್ತೆಯೂ ಬುಟ್ಟಿ ತುಂಬಿ ತಂದು ಜಗಲಿಯ ಗೋಡೆಯ ತುಂಬ ಹೂಬಳ್ಳಿ ಬರೆದೆವು. ಮನೆಯ ಅಡಿಯ ಮಣ್ಣನ್ನೇ ಹೊತ್ತು ತಂದು ಮನೆಯ ಗೋಡೆಗೆ ಬಳಿದಿದ್ದೆವು.

ಆಷಾಢದ ಒಂದು ಮಧ್ಯಾಹ್ನ. ಬೆಳಗಿನಿಂದ ಬಿಡದೆ ಹೊಯ್ಯುತ್ತಿದ್ದ ಮಳೆ. ನಮ್ಮವರು ಸಸಿ ನೆಡುವ ನೆಟ್ಟಿಯ ಕೆಲಸಕ್ಕೆ ಗದ್ದೆಗೆ ಹೋಗಿದ್ದರು. ಇನ್ನೂ ಮಗುಚಲು ಕಲಿಯದ ಮಗಳು ನಡುಮನೆಯ ತೊಟ್ಟಿಲಿನಲ್ಲಿ ಮಲಗಿದ್ದಳು. ಅತ್ತೆ ಊಟ ಮುಗಿಸಿ ಜಗಲಿಯಲ್ಲಿ ಅಡ್ಡಾಗಿದ್ದರು. ನಾನು ಅಡುಗೆಮನೆಯಲ್ಲಿ ಅಕ್ಕಿ ರುಬ್ಬುತ್ತಿದ್ದೆ. ಒರಳಿನ ಸದ್ದು ಎಂದಿನಂತಿರಲಿಲ್ಲ. ಖಾಲಿ ಪೆಟ್ಟಿಗೆಯ ಮೇಲೆ ಕೂತು ರುಬ್ಬುತ್ತಿದ್ದೇನೋ ಎಂಬಂತೆ ಬುಡದಿಂದ ಮೊಳಗುತ್ತಿತ್ತು. ಏನಿದು ಎಂದು ಕೈ ನಿಲ್ಲಿಸಿದೆ.

ಹಿಂದಿನಿಂದ ಯಾರೋ ನನ್ನ ತುರುಬಿಗೆ ಕೈ ಹಾಕಿದರು. ತಿರುಗಿ ನೋಡಿದರೆ ಅತ್ತೆ. ಆ ಮುಖ ನಾನು ಬಲ್ಲ ಮುಖವಲ್ಲ. ಹಲ್ಲು ಕಚ್ಚಿಕೊಂಡಿದ್ದರು. ಕೂದಲು ಹಿಡಿದು ನೆಲದ ಮೇಲೆ ದರದರ ಎಳೆದರು. ಬಾಗಿಲ ಚೌಕಟ್ಟಿಗೆ ನನ್ನ ಹಣೆ ಬಡಿದು ಒಡೆಯಿತು. ಕಣ್ಣಿಗೆ ರಕ್ತ ಇಳಿಯಿತು. ನಾನು ಕಿರುಚಿದೆ, ಪರಚಿದೆ, ಅವರ ಕೈಯನ್ನು ಕಚ್ಚಿದೆ. ಅವರು ಬಿಡಲಿಲ್ಲ. ಜಗಲಿಯ ಅಂಚಿಗೆ ತಂದು ಬೆನ್ನಿಗೆ ಒದ್ದು ಅಂಗಳಕ್ಕೆ ಕೆಡವಿದರು. ಮಗು ಒಳಗಿದೆ ಎಂದು ಎದ್ದು ಓಡಲು ನೋಡಿದೆ. ಎದೆಯ ಮೇಲೆ ಕೂತು ಗಂಟಲು ಒತ್ತಿ ಹಿಡಿದರು. ಆ ಕ್ಷಣದಲ್ಲಿ ಕೈಗೆ ಕತ್ತಿ ಸಿಕ್ಕಿದ್ದರೆ ನಾನು ಅವರನ್ನು ಕೊಂದೇಬಿಡುತ್ತಿದ್ದೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ, ತಾಯಿಯಾದ ಯಾರಿಗೂ ಇದು ಅರ್ಥವಾದೀತು.

ಆಗ ನೆಲ ಬಾಯಿ ಬಿಟ್ಟಿತು. ಮೊದಲು ಅಡುಗೆಮನೆ ಹೋಯಿತು, ಒರಳಿನ ಸಮೇತ. ಹಂಚುಗಳು ಪಟಪಟನೆ ಒಳಗೆ ಸುರಿದವು. ನಡುಮನೆಯ ಗೋಡೆ ಒಂದು ಸಲ ನಮ್ಮತ್ತ ವಾಲಿ, ಹಿಂದಕ್ಕೆ ಬಿದ್ದು ಮುಳುಗಿತು. ಹೂಬಳ್ಳಿ ಬರೆದ ಗೋಡೆ ನಿಂತ ಹಾಗೆಯೇ ಕೆಳಗಿಳಿಯಿತು. ಕೊಟ್ಟಿಗೆಯ ಎಮ್ಮೆ ಕೂಗುತ್ತಲೇ ಹೋಯಿತು. ಎಷ್ಟೋ ಹೊತ್ತು ಅದರ ಕೂಗು ಮಣ್ಣಿನಡಿಯಿಂದ ಕೇಳುತ್ತಿತ್ತು, ಆಮೇಲೆ ನಿಂತಿತು. ಮನೆಯಿದ್ದಲ್ಲಿ ಮನೆಯಷ್ಟೇ ಅಗಲದ ಹೊಂಡ. ಅದರೊಳಗೆ ಬಿಳಿಯ ನೀರು ಕುದಿಯುವಂತೆ ಸುತ್ತುತ್ತಿತ್ತು.

ಗದ್ದೆಯಿಂದ ಓಡಿಬಂದ ನಮ್ಮವರು ಕಂಡದ್ದು ತಮ್ಮ ತಾಯಿಯ ಮುಖಕ್ಕೆ ಗುದ್ದುತ್ತಿದ್ದ ಹೆಂಡತಿಯನ್ನು. "ಅಬ್ಬೇ, ಕೂಸೆಲ್ಲಿ?" ಎಂದು ಒರಲಿದರು. ಅತ್ತೆ ಹೊಂಡದತ್ತ ಕೈ ತೋರಿಸಿದರು. ನಮ್ಮವರು ಹೊಂಡಕ್ಕೆ ಹಾರಲು ಹೋದಾಗ ಜೊತೆಗೆ ಬಂದವರು ಸೊಂಟ ಹಿಡಿದು ನೆಲಕ್ಕೆ ಕೆಡವಿದರು. ನಮ್ಮವರು ತಮ್ಮನ್ನು ಹಿಡಿದವರನ್ನೆಲ್ಲ ಹೊಡೆದರು. ಅಂಚಿನ ಮಣ್ಣು ಇನ್ನೂ ಕಳಚಿ ಬೀಳುತ್ತಿತ್ತು.

"ಇಲ್ಲುಂಟು! ಕೂಸು ಇಲ್ಲುಂಟು!" ಎಂದು ಬೇಲಿಯ ಕಡೆಯಿಂದ ಮಾದೇವಿಯಕ್ಕ ಕೂಗಿದರು. ಅಂಗಳದ ಆ ತುದಿಯಲ್ಲಿ, ಬೇಲಿಯ ಬಾಗಿಲಾದ ದಣಪೆಯ ಪಕ್ಕ, ನೆಟ್ಟಿಗೆ ಹೋಗುವಾಗ ನಾವು ಬೆನ್ನಿಗೆ ಹಾಕಿಕೊಳ್ಳುವ ಎಲೆಯ ಗೊರಬು ಬೋರಲು ಬಿದ್ದಿತ್ತು. ಅದರಡಿ ಮಗಳು ಮಲಗಿದ್ದಳು. ತೊಟ್ಟಿಲಿನ ಬಟ್ಟೆಯನ್ನು ಅಚ್ಚುಕಟ್ಟಾಗಿ ಸುತ್ತಲಾಗಿತ್ತು. ಮೈಮೇಲೆ ಒಂದು ಹನಿ ನೀರಿರಲಿಲ್ಲ. ನಿದ್ದೆಯಿಂದ ಎದ್ದಿರಲೂ ಇಲ್ಲ.

ಆ ರಾತ್ರಿ ಮಾದೇವಿಯಕ್ಕನ ಸಂಬಂಧಿಕರ ಮನೆಯಲ್ಲಿ ನಮ್ಮನ್ನು ಮಲಗಿಸಿದರು. ನಾನು ಅತ್ತೆಯ ಕಾಲು ಹಿಡಿದುಕೊಂಡೆ. "ನೀವು ಹೊಡೆದು ಎಳೆಯದಿದ್ದರೆ ನಾನಿಲ್ಲ, ಕೂಸಿಲ್ಲ" ಎಂದೆ. ಅತ್ತೆ ಕಾಲು ಹಿಂದಕ್ಕೆಳೆದುಕೊಂಡು ನನ್ನನ್ನೇ ಮಿಕಿಮಿಕಿ ನೋಡಿದರು.

"ನಾ ಎಲ್ಲಿ ಎಳೆದೆ ಮಗಾ? ನಾ ಮಲಗಿದ್ದೆ. ಒಳಗಿಂದ ಬಂದವ್ಳು ನೀನು. ಆ ಮುಖ ನಿಂದಲ್ಲ. ರಟ್ಟೆ ತಿರುಚಿ ಎಳೆದು ಅಂಗಳಕ್ಕೆ ಒದ್ದೆ. ಕೂಸು ಒಳಗುಂಟು ಅಂದ್ರೂ ಕೇಳಲಿಲ್ಲ, ಎದೆ ಮೇಲೆ ಕೂತೆ."

ಅವರ ರಟ್ಟೆ ಊದಿಕೊಂಡು ನೀಲಿಗಟ್ಟಿತ್ತು. ಐದೂ ಬೆರಳಿನ ಗುರುತು ಇತ್ತು. ನನ್ನ ಗಂಟಲಿನ ಮೇಲೂ ಹಾಗೆಯೇ ಇತ್ತು. ಅವರು ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ನಾನು ಹೇಳುತ್ತಿರುವುದೂ ಸುಳ್ಳಲ್ಲ.

ಹೊನ್ನಾವರದ ಡಾಕ್ಟರರು ನನ್ನ ಹಣೆಗೆ ಹೊಲಿಗೆ ಹಾಕುತ್ತಾ, ಗಾಬರಿಯಲ್ಲಿ ನೆನಪು ತಲೆಕೆಳಗಾಗುತ್ತದೆ ಎಂದರು. ಇಬ್ಬರಿಗೂ ನೆಲ ಅದುರಿದ್ದು ತಿಳಿದಿರಬೇಕು, ಇಬ್ಬರೂ ಒಬ್ಬರನ್ನೊಬ್ಬರು ಎಳೆದಿರಬೇಕು ಎಂದರು. ನೆಲ ನೋಡಲು ಬಂದ ಸರ್ಕಾರಿ ಇಂಜಿನಿಯರರು, ಮೇಲಿನ ಕಲ್ಲು ಗಟ್ಟಿ, ಕೆಳಗಿನ ಶೇಡಿ ಮೆತ್ತಗೆ, ನೀರು ಬಿಟ್ಟು ಅದನ್ನು ತೊಳೆದು ಹಾಕಿದವರು ನೀವೇ ಎಂದರು. ಹೊಂಡಕ್ಕೆ ಎಷ್ಟು ಕಲ್ಲು ಸುರಿದರೂ ತುಂಬಲಿಲ್ಲ. ಮಾದೇವಿಯಕ್ಕನ ಗೋಡೆಯೂ ಸೀಳಿತು. ಒಂದೊಂದಾಗಿ ಎಲ್ಲ ಮನೆಯವರೂ ಎದ್ದುಹೋಗಿ ಆ ಕೇರಿಯೇ ಖಾಲಿಯಾಯಿತು. ಇಂಜಿನಿಯರರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಡಾಕ್ಟರರ ಮಾತನ್ನೂ ಅರ್ಧ ಒಪ್ಪುತ್ತೇನೆ.

ಆದರೆ ಮಗುವನ್ನು ಹೊರಗೆ ತಂದವರು ಯಾರು? ನಾನು ತಂದಿಲ್ಲ. ಅತ್ತೆ ತಾನು ತಂದಿಲ್ಲ ಎಂದರು. ಮಾದೇವಿಯಕ್ಕನನ್ನು ಎಷ್ಟು ಸಲ ಕೇಳಿದೆನೋ. ಅವರದು ಪ್ರತಿಸಲವೂ ಅದೇ ಮಾತು: "ಬೊಬ್ಬೆ ಕೇಳಿ ಬಂದೆ. ಮನೆ ಇನ್ನೂ ನಿಂತಿತ್ತು, ನೀವಿಬ್ರೂ ಅಂಗಳದಲ್ಲಿ ಹೊರಳಾಡ್ತಿದ್ರಿ. ಗೊರಬು ಆಗ್ಲೇ ದಣಪೆ ಹತ್ರ ಇತ್ತು. ಮೆಟ್ಟಬಾರದು ಅಂತ ದಾಟಿ ಬಂದೆ."

ಹಳದೀಪುರದಲ್ಲಿ ಹೊಸ ಮನೆ ಕಟ್ಟಿದೆವು. ಅಂಗಳದಲ್ಲಿ ನೀರು ನಿಂತು ಕೆಸರಾದರೆ ಅತ್ತೆಗೆ ಸಂತೋಷ. ಅವರೂ ನಾನೂ ಮತ್ತೆಂದೂ ಜಗಳವಾಡಲಿಲ್ಲ. ಮಗಳು ದೊಡ್ಡವಳಾಗಿ ಕೇಳಿದಾಗ ನಾನು "ಅಜ್ಜಿ ಎತ್ತಿಕೊಂಡು ಬಂದರು" ಎನ್ನುತ್ತಿದ್ದೆ. ಅಜ್ಜಿಯನ್ನು ಕೇಳಿದರೆ ಅವರು "ನಿನ್ನಮ್ಮ" ಎನ್ನುತ್ತಿದ್ದರು.

ಅತ್ತೆ ಹಾಸಿಗೆ ಹಿಡಿದು ಇನ್ನು ಹೆಚ್ಚು ದಿನವಿಲ್ಲ ಎಂದಾದ ಮೇಲೆ ಒಂದು ಬೆಳಿಗ್ಗೆ ನಾನು ಗಟ್ಟಿ ಮನಸ್ಸು ಮಾಡಿಕೊಂಡು ಅವರ ಪಕ್ಕ ಕೂತೆ. ಮಗುವನ್ನು ತಂದದ್ದು ನೀವೇ ಎಂದು ಈಗಲಾದರೂ ಹೇಳಿ ಎಂದು ಕೇಳುವವಳಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಹಣೆಯ ಗಾಯದ ಕಲೆಯ ಮೇಲೆ ಬೆರಳಿಟ್ಟರು.

"ಮಗಾ, ಈಗಾದ್ರೂ ಖರೆ ಹೇಳು. ಕೂಸನ್ನ ತಂದವ್ಳು ನೀನೇ ಹೌದಲ್ಲ?"

"ಹೌದು ಅತ್ತೆ, ನಾನೇ" ಎಂದೆ. "ಆತು" ಎಂದು ಅವರು ಕಣ್ಣು ಮುಚ್ಚಿದರು. ಇನ್ನು ನಾನು ಕೇಳಬಹುದಾದವರು ಯಾರೂ ಉಳಿದಿಲ್ಲ.