ಕಟ್ಟೆ ಮುಟ್ಟದ ಬಸ್ಸು

ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಬಂತೆಂದು ಮೊದಲು ನಮ್ಮ ಮಾತಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುವುದು ಆ ಹೆಂಗಸಿನ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಮೈಕಕ್ಕ. ಮನೆಯಲ್ಲೂ ಅದೇ ಗಂಟಲು. ಊಟಕ್ಕೆ ಬನ್ನಿ ಎಂದರೆ ಪಕ್ಕದ ಮನೆಯವರೂ ಕೈ ತೊಳೆದುಕೊಳ್ಳುತ್ತಿದ್ದರು.

ಒಂದು ಭಾನುವಾರ ಊಟಕ್ಕೆ ಬಂದಿದ್ದ ಭಾವ, ಇಂಗ್ಲಿಷ್ ಮೇಷ್ಟ್ರು, ಕೇಳಿದರು: "ಅಲ್ಲಮ್ಮಾ, ದಿನವಿಡೀ ಅರೈವ್ ಅರೈವ್ ಅಂತೀಯಲ್ಲ, ಹಾಗಂದ್ರೇನು?"

"ಬಂತು ಅಂತ. ನಿಮಗೆ ಗೊತ್ತಿಲ್ವಾ ಭಾವ?"

"ಈಗ ಹಾಗೆ. ಲ್ಯಾಟಿನ್ನಲ್ಲಿ ರೀಪಾ ಅಂದ್ರೆ ದಡ. ದಡ ಮುಟ್ಟೋದು ಅನ್ನೋದರಿಂದ ಹುಟ್ಟಿದ ಮಾತು. ಫ್ರೆಂಚರ ಬಾಯಿ ದಾಟಿ ಇಂಗ್ಲಿಷಿಗೆ ಬಂತು. ಮೊದಲೆಲ್ಲ ನೀರಿನ ಮೇಲಿಂದ ನೆಲಕ್ಕೆ ಬರೋದಕ್ಕೇ ಹೇಳ್ತಿದ್ರು."

ಮೈಕಕ್ಕನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವರ ನಿಲ್ದಾಣದಲ್ಲಿ ಚಾಲಕರು ಬಸ್ಸನ್ನು ಜನ ಕಾಯುವ ಕಟ್ಟೆಗೆ ತರದೆ ಅಂಗಳದ ನಡುವೆಯೇ ನಿಲ್ಲಿಸುತ್ತಿದ್ದರು. ಮೈಕಕ್ಕ 'ಬಂದಿದೆ' ಎಂದದ್ದೇ ತಡ, ಜನ ಮಕ್ಕಳು ಮರಿ ಎತ್ತಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದರು.

"ಅಂದ್ರೆ ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಸುಳ್ಳು! ನಡುನೀರಲ್ಲಿ ನಿಂತದ್ದನ್ನ ದಡ ಸೇರಿತು ಅಂದುಬಿಟ್ಟೆ!"

"ಅಯ್ಯೋ, ಈಗ ಯಾರೂ ಅಷ್ಟೆಲ್ಲ ನೋಡಲ್ಲಮ್ಮ," ಎಂದರು ಭಾವ. ಕೇಳುವವರು ಯಾರು?

ಮರುದಿನ ಮೊದಲ ಬಸ್ಸು ಎಂದಿನಂತೆ ಅಂಗಳದ ನಡುವೆ ನಿಂತಿತು. ಮೈಕು ತೆಪ್ಪಗಿತ್ತು. ಹಾರ್ನ್ ಎಷ್ಟು ಹೊಡೆದರೂ ಜನ ಕದಲಲಿಲ್ಲ; ಮೈಕಕ್ಕ ಹೇಳದೆ ಬಸ್ಸು ಬಂದಿದೆಯೆಂದು ನಂಬುವುದು ಹೇಗೆ? ಚಾಲಕ ದಡದಡ ಬಂದು ಗಾಜು ತಟ್ಟಿದ.

"ಅಕ್ಕಾ, ಬಸ್ಸು ಬಂದಿದೆ, ಕಾಣಲ್ವಾ?"

"ಎಲ್ಲಿ ಬಂದಿದೆ? ದಡ ಮುಟ್ಟಿಸು, ಹೇಳ್ತೀನಿ."

"ದಡಾನಾ? ಅದು ಬಸ್ಸು ಕಣಕ್ಕಾ!"

ಗಲಾಟೆ ಕೇಳಿ ಮೇಲ್ವಿಚಾರಕರು ಓಡಿ ಬಂದರು. ಮೈಕಕ್ಕ ಅವರಿಗೆ ಲ್ಯಾಟಿನ್ನಿನಿಂದಲೇ ಶುರು ಮಾಡಿದರು. ಕತೆಯಲ್ಲಿ ಫ್ರೆಂಚರು ಬರುವಷ್ಟರಲ್ಲಿ ಮೇಲ್ವಿಚಾರಕರು ತಲೆ ಕೆಟ್ಟು, "ಆ ಬಸ್ಸನ್ನ ಕಟ್ಟೆಗೆ ತಂದು ಹಚ್ಚಯ್ಯಾ, ನನ್ನ ಪ್ರಾಣ ಉಳಿಸು!" ಎಂದು ಚಾಲಕನ ಮೇಲೆ ಹರಿಹಾಯ್ದರು.

ಬಸ್ಸು ಗುರುಗುಡುತ್ತ ಬಂದು ಕಟ್ಟೆಗೆ ತಾಗಿತು. ಮೈಕಕ್ಕ ಸಂಭ್ರಮದಲ್ಲಿ, "ಬಸ್ಸು ಈಗ ದಡ ಸೇರಿದೆ!" ಎಂದುಬಿಟ್ಟರು. ಪ್ರಯಾಣಿಕರೊಬ್ಬರು ಗಾಬರಿಯಿಂದ ಪ್ಯಾಂಟು ಮಡಚಿಕೊಂಡರು.

ಮೈಕಿನಲ್ಲಿ ದಡದ ಸುದ್ದಿ ಎತ್ತಕೂಡದೆಂದು ಅಂದೇ ಆಜ್ಞೆಯಾಯಿತು. ಮೈಕಕ್ಕ ಒಪ್ಪಿದರು. ಆದರೆ ಬಸ್ಸು ಕಟ್ಟೆಗೆ ತಾಗುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಚಾಲಕರು ಕೆಲವು ದಿನ ಬೈದರು, ಆಮೇಲೆ ಸೋತರು. ಈಗ ಜನ ನಿಧಾನವಾಗಿ, ಮಾತಾಡಿಕೊಂಡು ಬಸ್ಸು ಹತ್ತುತ್ತಾರೆ. ಮೈಕಕ್ಕ ಗಾಜಿನ ಹಿಂದೆ ಗಲ್ಲಕ್ಕೆ ಕೈಯಿಟ್ಟು ಅದನ್ನು ನೋಡುತ್ತ ಕೂರುತ್ತಾರೆ. ಎಷ್ಟೋ ಸಲ ಮುಂದಿನ ಬಸ್ಸನ್ನು ಕೂಗುವುದೇ ಮರೆತುಹೋಗುತ್ತದೆ.